ಕೋಲ್ಡ್ ಸ್ಟೋರೇಜ್ ಒಳಗೆ ಬೆನ್ನಿನ ಬೆಲ್ಟ್ ತಪ್ಪು ಅಲರ್ಟ್ ಕೊಡ್ತದೆ, ಬೋರ್ಡ್ ರೀಸೆಟ್ ಆಗ್ತದೆ

ಬ್ಯಾಡಗಿ_ಬೆಲ್ಟ್:
ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಹೊಸ ಹಮಾಲರಿಗೆ ಚೀಲ ಎತ್ತೋದು ಕಲಿಸಲು ಮಾಡಿದ ಬೆಲ್ಟ್ ಇದು. ಇಎಸ್‌ಪಿ32 ಡೆವ್ ಬೋರ್ಡ್, ಎಂಪಿಯು6050 (ಜೈರೋ, ಆಕ್ಸಿಲರೋಮೀಟರ್ ಎರಡೂ ಇರುವ ಸೆನ್ಸರ್), ಕಾಯಿನ್ ಮೋಟಾರ್ (ವೈಬ್ರೇಟ್ ಆಗುವ ಪುಟ್ಟ ಮೋಟಾರ್), 1000 ಎಂಎಎಚ್ ಲಿಪೋ ಬ್ಯಾಟರಿ ಇವೆ. ಬೆನ್ನು 45 ಡಿಗ್ರಿ ದಾಟಿ ಬಾಗಿದರೆ ವೈಬ್ರೇಟ್ ಆಗಬೇಕು. ಹೊರಗೆ ಅಂಗಳದಲ್ಲಿ ಸರಿ ಇರ್ತದೆ. ಒಳಗೆ 5 ಡಿಗ್ರಿ ಚಳಿಯಲ್ಲಿ ಹತ್ತು ನಿಮಿಷ ಆದರೆ ನೆಟ್ಟಗೆ ನಿಂತವರಿಗೂ ವೈಬ್ರೇಟ್ ಆಗ್ತದೆ. ಮೋಟಾರ್ ಶುರುವಾಗುತ್ತಲೇ ಕೆಲವೊಮ್ಮೆ ರೀಸೆಟ್. ಮೋಟಾರ್ ನೇರವಾಗಿ ಬೋರ್ಡಿನ ಪಿನ್‌ಗೆ ಬೆಸುಗೆ ಆಗಿದೆ. ಹಮಾಲರು ಬೆಲ್ಟ್ ಬಿಚ್ಚಿ ಇಡತೊಡಗಿದ್ದಾರೆ.

ಧಾರವಾಡ_ಸರ್ಕ್ಯೂಟ್:
ಇವು ಎರಡು ಬೇರೆ ಬೇರೆ ದೋಷ. ಕೋನ ಬರೀ ಜೈರೋದಿಂದ (ತಿರುಗುವ ವೇಗ ಅಳೆಯುವ ಭಾಗ) ತೆಗೀತೀರೇನು?

ಬ್ಯಾಡಗಿ_ಬೆಲ್ಟ್:
ಹೌದ್ರಿ, ಬರೀ ಜೈರೋ. ಶುರುವಿನಲ್ಲಿ ಒಮ್ಮೆ ಕ್ಯಾಲಿಬ್ರೇಟ್ ಮಾಡ್ತೇವೆ.

ಧಾರವಾಡ_ಸರ್ಕ್ಯೂಟ್:
ಹಂಗಾದ್ರೆ ಅದೇ ಕಾರಣ. ಉಷ್ಣಾಂಶ ಬದಲಾದರೆ ಜೈರೋದ ಸೊನ್ನೆಯೂ ಸರಿಯುತ್ತದೆ, ಅಲುಗದಿದ್ದರೂ ತಿರುಗಿದಂತೆ ತೋರಿಸ್ತದೆ. ಸೆಕೆಂಡಿಗೆ 1 ಡಿಗ್ರಿ ಸರಿದರೂ ಕೂಡುತ್ತ ಹೋಗಿ ಒಂದು ನಿಮಿಷಕ್ಕೆ 60 ಡಿಗ್ರಿ ಆಗ್ತದೆ. ಸೆನ್ಸರನ್ನು 100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 100 ಸಲ) ಓದಿ, ಗುರುತ್ವದ ದಿಕ್ಕಿನಿಂದ ಕೋನ ಹೇಳುವ ಆಕ್ಸಿಲರೋಮೀಟರನ್ನೂ ಸೇರಿಸಿ ಹೀಗೆ ಮಾಡ್ರಿ:

ಕೋನ = 0.98 × (ಹಿಂದಿನ ಕೋನ + ಜೈರೋ × 0.01) + 0.02 × ಆಕ್ಸಿಲರೋಮೀಟರ್ ಕೋನ

ಈಗ ಅದೇ 1 ಡಿಗ್ರಿಯ ದೋಷ ಸುಮಾರು ಅರ್ಧ ಡಿಗ್ರಿಯಲ್ಲೇ ನಿಲ್ಲುತ್ತದೆ. ಚೀಲ ಹೆಗಲಿಗೆ ಎಸೆಯುವಾಗ ಆಕ್ಸಿಲರೋಮೀಟರ್ ಸುಳ್ಳು ಹೇಳ್ತದೆ. ಅದರ ಮೂರೂ ದಿಕ್ಕಿನ ಒಟ್ಟು ಮೌಲ್ಯ 0.8ರಿಂದ 1.2 ಜಿ (ಅಲುಗದೆ ಇದ್ದಾಗ 1 ಜಿ) ಒಳಗಿಲ್ಲದಿದ್ದರೆ ಅದರ ಆ ಓದನ್ನು ಬಿಡ್ರಿ. ಹಮಾಲರಿಗೆ ಬೆಲ್ಟಿನ ಮೇಲೆ ಒಮ್ಮೆ ನಂಬಿಕೆ ಹೋದರೆ ಮತ್ತೆ ಕಟ್ಟಿಕೊಳ್ಳೋದಿಲ್ಲ, ಅದಕ್ಕೆ ಮೊದಲು ಇದನ್ನೇ ಸರಿ ಮಾಡ್ರಿ. ಪರೀಕ್ಷೆಗೆ ಬೆಲ್ಟನ್ನು ಕೋಲ್ಡ್ ರೂಮಿನ ಮೇಜಿನ ಮೇಲೆ ಅಲುಗಿಸದೆ ಅರ್ಧ ತಾಸು ಇಡ್ರಿ. ಕೋನ 2 ಡಿಗ್ರಿಗಿಂತ ಹೆಚ್ಚು ಕದಲಬಾರದು.

ಗೋಕುಲ್‌ರೋಡ್_ಬೆಸುಗೆ:
ರೀಸೆಟ್ ಬಗ್ಗೆ. ಚಳಿಗೆ ಲಿಪೋದ ಒಳಪ್ರತಿರೋಧ ಏರಿ, ಲೋಡ್ ಬಿದ್ದಾಗ ವೋಲ್ಟೇಜ್ ಕುಸೀತದೆ. ನಿಮ್ಮ ಬೋರ್ಡಿನ ರೆಗ್ಯುಲೇಟರ್ (ಬ್ಯಾಟರಿ ವೋಲ್ಟೇಜನ್ನು 3.3ಕ್ಕೆ ಇಳಿಸುವ ಚಿಪ್) ಎಎಂಎಸ್1117 ಆಗಿದ್ದರೆ ಅದಕ್ಕೆ ಒಳಬರುವ, ಹೊರಹೋಗುವ ವೋಲ್ಟೇಜ್ ನಡುವೆ ಸುಮಾರು 1 ವೋಲ್ಟ್ ಅಂತರ ಬೇಕು, 3.7 ವೋಲ್ಟ್‌ನಿಂದ 3.3 ಹೊರಡೋದೇ ಇಲ್ಲ. ಕಡಿಮೆ ಅಂತರ ಸಾಕಾಗುವ ಎಪಿ2112 ರೆಗ್ಯುಲೇಟರ್ ಹಾಕಿ, 3.3 ವೋಲ್ಟ್ ಲೈನಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡ್ರಿ. ಮೋಟಾರ್ ಪಿನ್‌ನಿಂದ ತೆಗೀರಿ, ಪಿನ್ ಸುಡ್ತದೆ. ನಡುವೆ ಬಿಸಿ337 ಟ್ರಾನ್ಸಿಸ್ಟರ್ ಹಾಕ್ರಿ: ಪಿನ್‌ನಿಂದ ಅದರ ಬೇಸ್‌ಗೆ 470 ಓಮ್, ಮೋಟಾರಿಗೆ ಬ್ಯಾಟರಿಯಿಂದ 10 ಓಮ್ ಮೂಲಕ ಪ್ಲಸ್, ಮೋಟಾರಿಗೆ ಅಡ್ಡಲಾಗಿ ಉಲ್ಟಾ 1ಎನ್4148 ಡಯೋಡ್.

ಹೊರಗೆ ಬಂದ ಕೂಡಲೇ ಬೋರ್ಡ್ ಬೆವರ್ತದೆ. ಆಗಲೇ ಡಬ್ಬಿ ತೆಗೀಬ್ಯಾಡ್ರಿ, ಚಾರ್ಜಿಗೂ ಹಾಕಬ್ಯಾಡ್ರಿ. ಬಿಸಿಯಾಗಲು ಅರ್ಧ ತಾಸು ಬಿಡ್ರಿ. ಯುಎಸ್‌ಬಿ ಬಾಯಿಗೆ ರಬ್ಬರ್ ಮುಚ್ಚಳ ಇರಲಿ, ಖಾರದ ಪುಡಿ ಒಳಗೆ ಕೂರ್ತದೆ.

ಧಾರವಾಡ_ಸರ್ಕ್ಯೂಟ್:
ಇನ್ನೊಂದು. ಒಂದೇ ಸೆನ್ಸರ್ ಸೊಂಟದಿಂದ ನೆಟ್ಟಗೆ ವಾಲಿದವರನ್ನೂ ಬೆನ್ನು ಗೂನು ಮಾಡಿದವರನ್ನೂ ಒಂದೇ ತಕ್ಕಡೀಲಿ ತೂಗ್ತದೆ. ಸೊಂಟಕ್ಕೊಂದು, ಹೆಗಲ ನಡುವೆ ಒಂದು ಹಾಕಿ ಎರಡರ ವ್ಯತ್ಯಾಸ ನೋಡ್ರಿ. ಎರಡನೆಯ ಸೆನ್ಸರಿನ ಎಡಿ0 ಪಿನ್ 3.3 ವೋಲ್ಟಿಗೆ ಕಟ್ಟಿದರೆ ಅದರ ವಿಳಾಸ 0ಎಕ್ಸ್69 ಆಗ್ತದೆ, ಬೋರ್ಡಿಗೆ ಎರಡೂ ಬೇರೆಯಾಗಿ ಕಾಣ್ತವೆ. ವೈರ್ ಉದ್ದ ಇರೋದರಿಂದ ಐ2ಸಿ (ಸೆನ್ಸರ್, ಬೋರ್ಡ್ ಮಾತಾಡುವ ತಂತಿ) ವೇಗ 100 ಕಿಲೋಹರ್ಟ್ಸ್‌ಗೆ ಇಳಿಸ್ರಿ.