ಮದುವೆ ವಿಡಿಯೊ ಎಡಿಟಿಂಗ್‌ಗೆ ರೈಜನ್ 5 5600 ಒಳ್ಳೇದಾ, ಐ5-12400ಎಫ್ ಒಳ್ಳೇದಾ?

ತಿಪಟೂರು ಸ್ಟುಡಿಯೊ:
ನಮಸ್ಕಾರ ಎಲ್ರಿಗೂ. ನಂದು ಸಣ್ಣ ಫೋಟೊ ಸ್ಟುಡಿಯೊ. ಈಗಿರೋದು ಹಳೇ ಐ5-4590, 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1650 ಕಾರ್ಡು. ಸೋನಿ ಎ7 ಫೋರ್ ಕ್ಯಾಮೆರಾ ತಗೊಂಡ ಮೇಲೆ ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಮ್‌ಲೈನ್ ಮುಟ್ಟೋ ಹಾಗಿಲ್ಲ, ಗಕ್ ಅಂತ ನಿಲ್ಲುತ್ತೆ. ಧಾರೆ ಶಾಟು ಮುಗಿಯೋದ್ರೊಳಗೆ ಕಾಫಿ ಕುಡಿದು ಬರಬಹುದು. ಕಾರ್ಡು ಉಳಿಸ್ಕೊಂಡು ಬೋರ್ಡು, ಪ್ರೊಸೆಸರ್, ರ್‍ಯಾಮ್ ಬದಲಾಯಿಸಬೇಕು. ಮೇಲೆ ಬರೆದಿರೋ ಎರಡು ಪ್ರೊಸೆಸರ್, ಎಎಂಡಿಯ ರೈಜನ್ ಮತ್ತು ಇಂಟೆಲ್‌ನ ಐ5, ಎರಡೂ ನನ್ನ ಬಜೆಟ್‌ನಲ್ಲಿವೆ. ಯಾವುದು ಜೋರು?

ಗೇಮರ್ ಗುಂಡ:
ಕಣ್ಮುಚ್ಕೊಂಡು 5600 ತಗೊಳ್ಳಿ ಅಣ್ಣ. ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 32 ಎಂಬಿ, 12400ಎಫ್‌ನಲ್ಲಿ ಬರೀ 18. ನಾಳೆ ದುಡ್ಡಾದ್ರೆ ಅದೇ ಬೋರ್ಡಿಗೆ 96 ಎಂಬಿ ಕ್ಯಾಶ್ ಇರೋ 5700ಎಕ್ಸ್3ಡಿ ಕೂರಿಸಬಹುದು. ಇಂಟೆಲ್ ಚಿಪ್ಪು 117 ವ್ಯಾಟ್ ಕುಡಿಯುತ್ತೆ, ನಿಮ್ಮ ಯುಪಿಎಸ್ ಅಳುತ್ತೆ.

ಬೆಸುಗೆ ಭಟ್ಟ:
ಗುಂಡ, 117 ಅನ್ನೋದು ಟರ್ಬೊ ಹೊತ್ತಿನ ಗರಿಷ್ಠ ಮಿತಿ ಮಾರಾಯ, ದಿನದ ಖರ್ಚಲ್ಲ. ಆರೂ ಕೋರು ದುಡಿಯುವಾಗ 12400ಎಫ್ ಓಡುವುದು 4 ಗಿಗಾಹರ್ಟ್ಸ್‌ನಲ್ಲಿ, ಅಷ್ಟಕ್ಕೆ 117 ಬೇಕಾಗುವುದಿಲ್ಲ. 5600ಕ್ಕೆ 65 ವ್ಯಾಟ್ ಅಂತ ಬರೆದಿದ್ದರೂ ಸಾಕೆಟ್‌ನಿಂದ 76ರ ತನಕ ಎಳೆಯಲು ಅದಕ್ಕೂ ಅನುಮತಿ ಉಂಟು. ಸುಮ್ಮನೆ ಕೂತಾಗ ಮಾತ್ರ ಇಂಟೆಲ್‌ದೇ ಕಮ್ಮಿ. ಅದು ಒಂದೇ ತುಂಡು ಸಿಲಿಕಾನ್. 5600ರಲ್ಲಿ ಕೋರುಗಳದ್ದು ಒಂದು ತುಂಡು, ರ್‍ಯಾಮ್, ಕಾರ್ಡುಗಳ ಜೊತೆ ಮಾತಾಡುವ ಐಒದ್ದು ಇನ್ನೊಂದು. ಅವೆರಡರ ನಡುವಿನ ಓಡಾಟ ನಿಲ್ಲುವುದೇ ಇಲ್ಲ.

ಇನ್ನು ಆ ಎಕ್ಸ್3ಡಿ ಕ್ಯಾಶು ಆಟಕ್ಕೆ ಚಿನ್ನ, ಎಡಿಟಿಂಗ್‌ಗೆ ಹಿತ್ತಾಳೆ. ಮದುವೆ ಮನೆಯವರಿಗೆ ಆಟದ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮು ಅನ್ನುವ ಲೆಕ್ಕ) ಕಟ್ಟಿಕೊಂಡು ಏನಾಗಬೇಕು?

ಗೇಮರ್ ಗುಂಡ:
ಹಾಗಾದ್ರೆ ಎರಡೂ ಒಂದೇ ಅಂತೀರಾ?

ಬೆಸುಗೆ ಭಟ್ಟ:
ಬರೀ ಲೆಕ್ಕದ ಕೆಲಸಕ್ಕೆ ಹೆಚ್ಚುಕಮ್ಮಿ ಒಂದೇ. ಎರಡರಲ್ಲೂ 6 ಕೋರು, 12 ಥ್ರೆಡ್ಡು, 4.4 ಗಿಗಾಹರ್ಟ್ಸ್ ಬೂಸ್ಟ್, ಎರಡೂ ಬಂದದ್ದು 2022ರಲ್ಲಿ. ಸಿನಿಬೆಂಚ್ ಎಂಬ ವೇಗ ಅಳೆಯುವ ಪರೀಕ್ಷೆಯಲ್ಲಿ 12400ಎಫ್ ಸ್ವಲ್ಪ ಮುಂದೆ. ಕೈಯಲ್ಲಿ ಹಿಡಿದು ನೋಡುವಷ್ಟು ವ್ಯತ್ಯಾಸ ಅಲ್ಲ.

ಎಸ್‌ಪಿ ರೋಡ್ ಅಲೆಮಾರಿ:
5600 ತಗೊಳ್ಳೋದಾದ್ರೆ ಡಬ್ಬದ ಮೇಲಿನ ಅಕ್ಷರ ಎರಡು ಸಲ ಓದಿ. ನನಗೊಬ್ಬ ಅಂಗಡಿಯವನು "ಅದೇ ಸಾರ್ ಇದು, ಡಿಸ್‌ಪ್ಲೇನೂ ಬರುತ್ತೆ" ಅಂತ 5600ಜಿ ಕೊಟ್ಟ. ಅದರ ಕ್ಯಾಶ್ ಅರ್ಧ, 16 ಎಂಬಿ. ಕಾರ್ಡು, ಎಸ್‌ಎಸ್‌ಡಿ ಕೂರೋ ಪಿಸಿಐಇ ದಾರಿ 4ನೇ ತಲೆಮಾರಿನದಲ್ಲ, 3ಕ್ಕೇ ನಿಲ್ಲುತ್ತೆ. ಮನೆಗೆ ಬಂದು ಸಿಪಿಯು-ಝಡ್ (ಚಿಪ್ಪಿನ ವಿವರ ತೋರಿಸೋ ಆ್ಯಪ್) ತೆಗೆದಾಗಲೇ ನನಗೆ ಗೊತ್ತಾಗಿದ್ದು. ಸೀಲ್ ಒಡೆದಿದ್ದು ವಾಪಸ್ ತಗೊಳ್ಳಲ್ಲ ಅಂದುಬಿಟ್ಟ.

ಹುಬ್ಳಿ ಮಂದಿ:
ಅಲ್ರೀ, ಎಲ್ಲಾರೂ ಪ್ರೊಸೆಸರ್ ಜಾತಕಾ ನೋಡಾಕತ್ತೀರಿ, ಅವ್ರ ಫೈಲ್ ಯಾವ್ದು ಅಂತ ಒಬ್ಬರೂ ಕೇಳಲಿಲ್ಲಲ್ರೀ. ತಿಪಟೂರು ಅಣ್ಣಾವ್ರ, ಒಂದು ಕೆಲಸಾ ಮಾಡ್ರಿ. ಟಾಸ್ಕ್ ಮ್ಯಾನೇಜರ್ ತಗದು ಜಿಪಿಯು ಮ್ಯಾಲೆ ಒತ್ರಿ. ಅಲ್ಲಿ ವಿಡಿಯೊ ಡಿಕೋಡ್ ಅಂತ ಒಂದು ಗೆರಿ ಇರ್ತೈತಿ. ಕ್ಯಾಮೆರಾ ಕ್ಲಿಪ್ ಓಡಿಸಿದಾಗ ಅದು ಏಳ್ತೈತೋ ಇಲ್ಲೋ ನೋಡಿ ಹೇಳ್ರಿ.

ತಿಪಟೂರು ಸ್ಟುಡಿಯೊ:
ನೋಡಿದೆ. ಮೊಬೈಲ್ ಕ್ಲಿಪ್ ಹಾಕಿದ್ರೆ ಗೆರೆ ಏಳುತ್ತೆ. ಸೋನಿ ಕ್ಲಿಪ್ ಹಾಕಿದ್ರೆ ಸೊನ್ನೆಯಲ್ಲೇ ಮಲಗಿರುತ್ತೆ, ಸಿಪಿಯು 100. ಕ್ಯಾಮೆರಾದಲ್ಲಿ 4:2:2 10 ಬಿಟ್ (ಬಣ್ಣದ ವಿವರ ಜಾಸ್ತಿ ಹಿಡಿಯೋ ಸೆಟ್ಟಿಂಗ್) ಇಟ್ಟಿದೀನಿ.

ಹುಬ್ಳಿ ಮಂದಿ:
ಸಿಕ್ತು ನೋಡ್ರಿ ಕಳ್ಳ. ನಿಮ್ಮ 1650ಕ್ಕ 4:2:2 ಬಿಡಿಸಾಕ ಬರಂಗಿಲ್ಲ. ಎನ್ವಿಡಿಯಾದೊಳಗ ಅದು ಬಂದಿದ್ದೇ 2025ರ ಆರ್‌ಟಿಎಕ್ಸ್ 50 ಸರಣಿಗೆ. ಹಿಂಗಾಗಿ ಪ್ರತಿ ಫ್ರೇಮೂ ಸಿಪಿಯು ಕೈಲೆ ಬಿಡಿಸ್ಬೇಕು. 5600 ಹಾಕಿದ್ರೂ ಅದ ಹಾಡು, ಏನೋ ನಾಕು ಪಟ್ಟು ಛಲೋ ಓಡೀತು. 12400ಎಫ್ ಹಾಕಿದ್ರೂ ಅಷ್ಟ. ಆದ್ರ *ಎಫ್ ಇಲ್ಲದ* 12400 ತಗೊಂಡ್ರ ಅದರಾಗ ಯುಎಚ್‌ಡಿ 730 ಗ್ರಾಫಿಕ್ಸ್ ಐತಿ. ಅದರಾಗ ವಿಡಿಯೊ ಬಿಡಿಸೋ ಭಾಗಕ್ಕ ಕ್ವಿಕ್ ಸಿಂಕ್ ಅಂತಾರ, ಅದು ಎಚ್.265 ಫಾರ್ಮ್ಯಾಟಿನ 4:2:2 10 ಬಿಟ್ ಆರಾಮ ಬಿಡಿಸ್ತೈತಿ, ಪ್ರೀಮಿಯರೂ ಅದನ್ನ ಬಳಸ್ತೈತಿ.

ಗೇಮರ್ ಗುಂಡ:
ಪ್ರಾಕ್ಸಿ (ಎಡಿಟ್ ಮಾಡೋಕೆ ಹಗುರಾದ ನಕಲು ಫೈಲು) ಮಾಡ್ಕೊಂಡ್ರೆ ಯಾವ ಚಿಪ್ಪಾದ್ರೂ ಓಡುತ್ತಲ್ಲ.

ತಿಪಟೂರು ಸ್ಟುಡಿಯೊ:
ಮಾಡ್ತಾ ಇದ್ದೀನಿ ಗುಂಡ ಅವರೇ. ಒಂದು ಮದುವೆಗೆ ರಾತ್ರಿಯಿಡೀ ಬೇಕು, ಮಧ್ಯೆ ಕರೆಂಟ್ ಹೋದ್ರೆ ಕಥೆ ಮುಗೀತು. ಬೆಳಿಗ್ಗೆ ಹುಡುಗನ ಕಡೆಯವರು ರೀಲ್ಸ್ ಕೊಡಿ ಅಂತ ಫೋನ್ ಮಾಡ್ತಾರೆ.

ಬೆಸುಗೆ ಭಟ್ಟ:
ಹುಬ್ಳಿಯವರು ಹೇಳಿದ್ದು ಸರಿ, ನನಗೆ ಹೊಳೆದಿರಲಿಲ್ಲ. ಇನ್ನೊಂದು ಸೇರಿಸುತ್ತೇನೆ. ಆ ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಸ್ ಮತ್ತು ಎಕ್ಸ್‌ಎವಿಸಿ ಎಚ್‌ಎಸ್ ಅಂತ ಎರಡುಂಟು. ಎಚ್‌ಎಸ್ ಅಂದರೆ ಎಚ್.265, ಬರೀ ಎಸ್ ಅಂದರೆ ಎಚ್.264. 4:2:2 10 ಬಿಟ್ ಎಚ್.264 ಆದರೆ ಈ ಕ್ವಿಕ್ ಸಿಂಕ್ ಕೂಡ ಕೈ ಎತ್ತುತ್ತದೆ. ನಿಮ್ಮದು ಯಾವುದು?

ಮತ್ತೆ, ಕಾರ್ಡು ಹಾಕಿದಾಗ ಕೆಲವು ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಬಂದ್ ಮಾಡುತ್ತವೆ. ಬೋರ್ಡಿನ ಸೆಟ್ಟಿಂಗ್ಸ್, ಅಂದರೆ ಬಯಾಸ್‌ಗೆ ಹೋಗಿ ಆನ್ ಮಾಡಿ. ಇಲ್ಲದಿದ್ದರೆ ದುಡ್ಡು ಕೊಟ್ಟು ತಂದದ್ದು ಒಳಗೇ ನಿದ್ದೆ ಮಾಡೀತು.

ಎಸ್‌ಪಿ ರೋಡ್ ಅಲೆಮಾರಿ:
ಬೋರ್ಡು ಎಚ್610 ಬೇಡ, ಬಿ660 ನೋಡಿ. ಎಚ್610ರಲ್ಲಿ ರ್‍ಯಾಮ್ ಸ್ಲಾಟ್ ಎರಡೇ, ಪ್ರೊಸೆಸರ್‌ನಿಂದ ನೇರವಾಗಿ ಎನ್‌ವಿಎಂಇ ಎಸ್‌ಎಸ್‌ಡಿಗೆ ದಾರಿಯೂ ಇಲ್ಲ. ರ್‍ಯಾಮ್ 16ರದ್ದು ಎರಡು ಕಡ್ಡಿ ತಗೊಳ್ಳಿ, 32ರದ್ದು ಒಂದೇ ಬೇಡ.

ತಿಪಟೂರು ಸ್ಟುಡಿಯೊ:
ಈಗ ಮೆನು ತೆಗೆದು ನೋಡಿದೆ ಭಟ್ರೇ. ಎಕ್ಸ್‌ಎವಿಸಿ ಎಸ್ ಇದೆ! ಮೊದಲ ದಿನ ಯಾರೋ ಇಟ್ಟುಕೊಟ್ಟಿದ್ದು, ನಾನು ಮುಟ್ಟೇ ಇಲ್ಲ. ಈಗ ಎಚ್‌ಎಸ್ 50ಪಿಗೆ ಬದಲಾಯಿಸಿದೆ. ಎಫ್ ಇಲ್ಲದ 12400, ಬಿ660 ಅಂತ ಬರ್ಕೊಂಡಿದೀನಿ. ಆದ್ರೆ ಶೂಟ್ ಆಗಿರೋ ಎರಡು ಮದುವೆ, ಒಂದು ನಾಮಕರಣ ಹಳೇ ಫಾರ್ಮ್ಯಾಟ್‌ನಲ್ಲೇ ಬಿದ್ದಿವೆಯಲ್ಲ?

ಹುಬ್ಳಿ ಮಂದಿ:
ಆ ಮೂರಕ್ಕ ಪ್ರಾಕ್ಸಿನೇ ಗತಿ. ಗುಂಡಣ್ಣನ ಮಾತೂ ಅಷ್ಟರಮಟ್ಟಿಗೆ ಉಳೀತು ಬಿಡ್ರಿ.