ಸಿಸೇರಿಯನ್ ಮಾಡಿಸಿದ್ದರೆ ಸೆರೆಬ್ರಲ್ ಪಾಲ್ಸಿ ತಪ್ಪುತ್ತಿತ್ತಾ?

ಪುಟಾಣಿಯ_ಅಮ್ಮ: ಮಗನಿಗೆ ಸೆರೆಬ್ರಲ್ ಪಾಲ್ಸಿ ಅಂದಿದ್ದಾರೆ, ಎಳೆಯ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ಬರೋ ತೊಂದರೆಯಂತೆ. 30 ವಾರಕ್ಕೇ ಹುಟ್ಟಿದವನು, ನಾರ್ಮಲ್ ಹೆರಿಗೆ. ಸಿಸೇರಿಯನ್ ಮಾಡಿಸಿದ್ದರೆ ಹೀಗಾಗ್ತಿರಲಿಲ್ಲ ಅಂತ ಮನೆಯಲ್ಲಿ ದಿನಾ ಅಂತಾರೆ. ಹೌದಾ?

ಹೊಂಗಿರಣ: ಇರಬಹುದು. ನಮ್ಮಕ್ಕನ ಮಗಳಿಗೂ ಇದೇ ಇದೆ, ಹುಟ್ಟಿದಾಗ ಅಳಲೇ ಇಲ್ಲ. ಹೆರಿಗೆ ತಡವಾಗಿ ಉಸಿರುಕಟ್ಟಿದ್ದೇ ಕಾರಣ, ಬೇರೇನಿಲ್ಲ.

ಎನ್‌ಐಸಿಯು_ಸಿಸ್ಟರ್: ಅಮ್ಮಾ, ನಿಮ್ಮ ಮಗುವಿನ ವಿಷಯದಲ್ಲಿ ಮೊದಲು ನೋಡಬೇಕಾದ್ದು ಆ 30 ವಾರ. 32 ವಾರದೊಳಗೆ ಮಿದುಳಿನ ಒಳಭಾಗದ ಬಿಳಿ ದ್ರವ್ಯ, ಅಂದರೆ ಸಂದೇಶ ಒಯ್ಯುವ ನರತಂತುಗಳಿರುವ ಭಾಗ, ತುಂಬಾ ಎಳಸು. ರಕ್ತದ ಹರಿವು ಸ್ವಲ್ಪ ಏರುಪೇರಾದರೂ, ಸೋಂಕು ತಗುಲಿದರೂ ಅದಕ್ಕೆ ಪೆಟ್ಟು. ಸಿಸೇರಿಯನ್ ಮಾಡಿದರೂ ಮಗು 30 ವಾರದ್ದೇ ತಾನೇ? ಹೆರಿಗೆಗೆ ಮುಂಚೆ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಅನ್ನೋ ಔಷಧಿ ಕೊಟ್ಟರೆ ಅಪಾಯ ತುಸು ತಗ್ಗುತ್ತದೆ, ಅಷ್ಟೇ.
ಹೊಂಗಿರಣ ಅವರೇ, ಕಷ್ಟದ ಹೆರಿಗೆಯೇ ಕಾರಣ ಅನ್ನೋದು 1860ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ ಮಂಡಿಸಿದ ವಾದ. ಅವರು ಅವಧಿಗೆ ಮುಂಚಿನ ಹೆರಿಗೆಯನ್ನೂ ಹೇಳಿದ್ದರು, ಜನರ ತಲೆಯಲ್ಲಿ ಉಳಿದದ್ದು ಮಾತ್ರ ಉಸಿರುಕಟ್ಟಿದ್ದು. 1897ರಲ್ಲೇ ವಿಯೆನ್ನಾದ ನರವೈದ್ಯ ಸಿಗ್ಮಂಡ್ ಫ್ರಾಯ್ಡ್ ಕೇಳಿದ್ದರು: ಗರ್ಭದಲ್ಲೇ ತೊಂದರೆಯಾಗಿ, ಅದರಿಂದಲೇ ಹೆರಿಗೆ ಕಷ್ಟವಾಗಿರಬಾರದೇಕೆ? ಈಗ ಎಷ್ಟೊಂದು ಸಿಸೇರಿಯನ್ ಆಗ್ತಿವೆ, ತಿಂಗಳು ತುಂಬಿದ ಮಕ್ಕಳಲ್ಲಿ ಪಾಲ್ಸಿ ಆ ಲೆಕ್ಕದಲ್ಲಿ ಕಡಿಮೆ ಆಗಿಲ್ಲ.

ಹೊಂಗಿರಣ: ಹಾಗಾದ್ರೆ ಆಸ್ಪತ್ರೆಯವರ ತಪ್ಪು ಯಾವತ್ತೂ ಇರಲ್ಲ ಅಂತೀರಾ? ಇದೇ ಮಾತು ಹೇಳಿ ನಮ್ಮಕ್ಕನನ್ನ ಕಳಿಸಿದ್ರು.

ಎನ್‌ಐಸಿಯು_ಸಿಸ್ಟರ್: ಖಂಡಿತ ಹಾಗನ್ನಲ್ಲ. ಹೊಕ್ಕುಳಬಳ್ಳಿ ಮುಂಚೆ ಜಾರಿದರೆ, ಮಾಸು ಕಳಚಿದರೆ, ಗರ್ಭಕೋಶ ಹರಿದರೆ ಒಂದೊಂದು ನಿಮಿಷವೂ ಮುಖ್ಯ. ಆದರೆ ಅಳಲಿಲ್ಲ ಅನ್ನೋದೊಂದೇ ಸಾಕ್ಷಿ ಆಗಲ್ಲ. ಬಳ್ಳಿಯ ರಕ್ತದ ಆಮ್ಲೀಯತೆ, ಮೊದಲ ದಿನಗಳಲ್ಲಿ ಫಿಟ್ಸ್ ಬಂತಾ, ಎಂಆರ್‌ಐಯಲ್ಲಿ ಪೆಟ್ಟು ಎಲ್ಲಿದೆ, ಎಲ್ಲ ಸೇರಿಸಿ ನೋಡಬೇಕು. ಅಕ್ಕ ದಾಖಲೆ ಕೇಳಲಿ, ಅದು ಅವರ ಹಕ್ಕು.

ಅವಳಿ_ಅಪ್ಪ: ಕಾಮಾಲೆ ಯಾರೂ ಹೇಳಲಿಲ್ಲ. ಹುಟ್ಟಿದ ಮೇಲೆ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ವಿಪರೀತ ಏರಿದರೂ ಮಿದುಳಿಗೆ ಹಾನಿ. ನೀಲಿ ಬೆಳಕಿನಡಿ ಇಟ್ಟರೆ ತಪ್ಪಿಸಬಹುದಾದದ್ದು! ಅವಳಿಗಳಿಗೂ ಅಪಾಯ ಹೆಚ್ಚು, ಬೇಗ ಹುಟ್ಟೋದೇ ದೊಡ್ಡ ಕಾರಣ.

ಪುಟಾಣಿಯ_ಅಮ್ಮ: ಸಿಸ್ಟರ್, ನನಗೆ ನೀರು ಮೊದಲೇ ಹೋಗಿತ್ತು, ಜ್ವರವೂ ಇತ್ತು.

ಎನ್‌ಐಸಿಯು_ಸಿಸ್ಟರ್: ಹಾಗಿದ್ದರೆ ಗರ್ಭಚೀಲದ ಸೋಂಕು ಇದ್ದಿರಬಹುದು. ಅವಧಿಗೆ ಮುಂಚೆ ನೋವು ಬರಿಸೋದೂ ಅದೇ, ಮಿದುಳನ್ನು ಕಾಡೋದೂ ಅದೇ. ಮಾಸನ್ನು ಲ್ಯಾಬಿಗೆ ಕಳಿಸಿದ್ದರೆ ಆ ವರದಿ ಕೇಳಿ ಪಡೆಯಿರಿ. ನೀವು ಮಾಡಿದ್ದಕ್ಕೋ ಬಿಟ್ಟಿದ್ದಕ್ಕೋ ಬಂದದ್ದಲ್ಲಮ್ಮ ಇದು. ಫಿಸಿಯೋಥೆರಪಿ ಶುರುವಾಗಿದೆಯಾ?