ಪದರವನ್ನು ‘ತಿರುಗಿಸು’ ಅಂದರೆ ರೊಟೇಟೋ, ಫ್ಲಿಪ್ಪೋ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯ ಹೈಸ್ಕೂಲು ಮಕ್ಕಳಿಗಾಗಿ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕ್ರೀಟಾ ತಂತ್ರಾಂಶದ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಈ ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಹೀಗೆ ನಾನಾ ಥರ. ಹಾಗಾಗಿ ಭಾರೀ ಪದಗಳು ಬೇಡ. ಲೇಯರಿಗೆ, ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಚಿತ್ರದ ಭಾಗಕ್ಕೆ, ‘ಪದರ’ ಸಲೀಸಾಗಿ ಒಗ್ಗಿದೆ. ತೊಡಕು ಬಂದಿರುವುದು ಆ ಪದರಕ್ಕೆ ನಾವು ಏನು ಮಾಡುತ್ತೇವೆ ಅನ್ನುವಲ್ಲಿ.

ರೊಟೇಟ್ (ಚಕ್ರದ ಹಾಗೆ ಸುತ್ತಿಸುವುದು), ಫ್ಲಿಪ್ (ಕನ್ನಡಿಯಲ್ಲಿ ಕಂಡ ಹಾಗೆ ಮಾಡುವುದು) ಎರಡಕ್ಕೂ ಬಾಯಿಗೆ ಬರುವುದು ‘ತಿರುಗಿಸು’. ಮಡಿಕೇರಿಯ ಓಂಕಾರೇಶ್ವರ ಗುಡಿ ಬರೆದು, ಮುಂದಿನ ಕೊಳದಲ್ಲಿ ಅದರ ನೆರಳು ತೋರಿಸಬೇಕು ಅಂತಿಟ್ಟುಕೊಳ್ಳಿ. ಗುಡಿಯ ಪದರವನ್ನು ನಕಲು ಮಾಡಿ ‘ತಲೆಕೆಳಗಾಗಿ ತಿರುಗಿಸಿ’ ಅಂದರೆ ಅರ್ಧ ಮಕ್ಕಳು 180 ಡಿಗ್ರಿ ಸುತ್ತಿಸುತ್ತಾರೆ. ಆ ಗುಡಿಗೆ ಗುಮ್ಮಟ ನಡುವೆ, ಮಿನಾರುಗಳು ಮೂಲೆಗಳಲ್ಲಿ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ! ಅದೇ ಪದರದಲ್ಲಿ ಎಡಗಡೆ ಒಂದು ತೆಂಗಿನಮರ ಬರೆದಿದ್ದರೆ ಮಾತ್ರ ಗೊತ್ತಾಗುತ್ತದೆ: ನೀರಿನಲ್ಲಿ ಅದು ಬಲಕ್ಕೆ ಹೋಗಿರುತ್ತದೆ. ಫ್ಲಿಪ್ ಮಾಡಿದ್ದರೆ ಎಡದ್ದು ಎಡಕ್ಕೇ ಇರುತ್ತಿತ್ತು.

ಫ್ಲಿಪ್‌ಗೆ ‘ಮಗುಚು’ ಹೇಗೆ? ದೋಸೆ ಮಗುಚುವ ಹಾಗೆ. ‘ಮೇಲೆ-ಕೆಳಗೆ ಮಗುಚು’, ‘ಎಡ-ಬಲ ಮಗುಚು’ ಅಂತ ಎರಡು ಬಗೆ. ಮಗುಚಿದರೆ ದೋಸೆಯ ಇನ್ನೊಂದು ಮೈ ಕಾಣುತ್ತದೆ, ಪದರಕ್ಕೆ ಇನ್ನೊಂದು ಮೈ ಎಲ್ಲಿದೆ ಅಂತ ಯಾರಾದರೂ ಕೇಳಬಹುದು. ಕೇಳಲಿ. ಅದೇ ಚಿತ್ರವನ್ನು ಹಿಂದಿನಿಂದ ನೋಡಿದ ಹಾಗೆ ಅಂದರೆ ಆಯಿತು. ಆಗ ‘ತಿರುಗಿಸು’ ರೊಟೇಟ್‌ಗೆ ಮಾತ್ರ ಉಳಿಯುತ್ತದೆ.

ಶಿಯರ್‌ಗೆ ‘ಓರೆ ಮಾಡು’ ಅಂತ ಕೆಲವರು ಬರೆಯುತ್ತಾರೆ. ಸ್ವಲ್ಪ ತಿರುಗಿಸಿದರೂ ಚಿತ್ರ ಓರೆಯಾಗುತ್ತದೆ, ಅಲ್ವಾ? ಶಿಯರ್‌ನಲ್ಲಿ ಬುಡ ಮಟ್ಟಸವಾಗಿಯೇ ಇದ್ದು ಮೇಲ್ಭಾಗ ಪಕ್ಕಕ್ಕೆ ಜರುಗುತ್ತದೆ. ನನಗೆ ‘ವಾಲಿಸು’ ವಾಸಿ ಅನ್ನಿಸುತ್ತದೆ. ಸ್ಕೇಲ್‌ಗೆ ‘ಹಿಗ್ಗಿಸು-ಕುಗ್ಗಿಸು’ ಸಾಕು.

ಟ್ರಾನ್ಸ್‌ಫಾರ್ಮ್ ಮಾಸ್ಕ್ ಇನ್ನೂ ಕಷ್ಟ. ಚಿತ್ರವನ್ನು ಕುಗ್ಗಿಸಿ ಮತ್ತೆ ಹಿಗ್ಗಿಸಿದರೆ ಮಸುಕಾಗುತ್ತದೆ, ಯಾಕೆಂದರೆ ಕುಗ್ಗಿಸಿದಾಗಲೇ ವಿವರಗಳು ಹೋಗಿರುತ್ತವೆ. ಈ ಮಾಸ್ಕ್ ಹಾಕಿಕೊಂಡರೆ ಮೂಲ ಚಿತ್ರ ಹಾಗೇ ಇದ್ದು, ಬದಲಾವಣೆ ತೋರಿಕೆಗೆ ಮಾತ್ರ ಆಗುತ್ತದೆ. ಮಾಸ್ಕಿಗೆ ‘ಮುಸುಕು’ ಅನ್ನುವುದು ಬೇರೆ ಕಡೆ ಸರಿ. ಇಲ್ಲಿ ಏನನ್ನೂ ಮುಚ್ಚುವುದೇ ಇಲ್ಲವಲ್ಲ! ಸದ್ಯಕ್ಕೆ ‘ಮಾಸ್ಕ್’ ಅಂತಲೇ ಬಿಟ್ಟಿದ್ದೇನೆ.

ಇನ್ನು ಇವೆಲ್ಲಕ್ಕೂ ಸೇರಿ ಟ್ರಾನ್ಸ್‌ಫಾರ್ಮ್ ಅನ್ನುವ ಮೂಲ ಪದ. ‘ಪರಿವರ್ತಿಸು’ ಫೈಲಿನ ಬಗೆ ಬದಲಿಸಲು ಬೇಕು. ‘ರೂಪಾಂತರ’ ಅಂದರೆ ಗುಡಿಯೇ ಬೇರೇನೋ ಆಗಿಬಿಟ್ಟ ಹಾಗೆ ಕೇಳಿಸುತ್ತದೆ. ‘ಮಾರ್ಪಡಿಸು’ ಜಾಸ್ತಿ ಅಗಲವಾಯಿತು, ಬಣ್ಣ ಬದಲಿಸಿದರೂ ಮಾರ್ಪಾಟೇ. ಆಕಾರ, ಅಳತೆ, ಜಾಗ ಈ ಮೂರನ್ನೇ ಮುಟ್ಟುವ ಸಣ್ಣ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ. ಮೆನುವಿನಲ್ಲಿ ಹಾಕುವಷ್ಟು ಚಿಕ್ಕದಿರಲಿ.